ಕಮಲಾಪುರದ ಬಾವಿಯಲ್ಲಿ ಸಿಕ್ಕ ಸ್ಟೆನ್

ಕಳೆದ ವಾರ ಅವ್ವನ ಹಳೆಯ ಹೊಲಿಗೆ ಯಂತ್ರವನ್ನು ಅಟ್ಟದಿಂದ ಇಳಿಸಿ, ಬಿಗಿದುಕೊಂಡಿದ್ದ ಗಾಲಿಗೆ ಒಂದಿಷ್ಟು ಎಣ್ಣೆ ಬಿಟ್ಟೆ. ಗಾಲಿ ನಿಧಾನಕ್ಕೆ ತಿರುಗಿತು. ಆ ತೆಳು ಎಣ್ಣೆಯ ವಾಸನೆ ಕೋಣೆಯಲ್ಲಿ ಹರಡಿದ್ದೇ ತಡ, ಗಾಜಿಪುರದ ಓಣಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಚಾಚಾ ನೆನಪಾದರು. ಅವರ ಮನೆಯ ಬಾಗಿಲಿನ ಕೀಲು, ಕೊಡೆಯ ಕಡ್ಡಿ, ಅಡಕತ್ತರಿ, ಎಲ್ಲಕ್ಕೂ ಇದೇ ಎಣ್ಣೆ. ಅವರು ಪಕ್ಕದಲ್ಲಿ ಹಾದುಹೋದರೂ ಇದೇ ವಾಸನೆ...

ಚಾಚಾ ಸೈನ್ಯದಲ್ಲಿ ಸುಬೇದಾರರಾಗಿ ನಿವೃತ್ತರಾದವರು. ನಾನು ಆಗ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ, ಅವರ ಪಕ್ಕದ ಮನೆಗೆ ಬಾಡಿಗೆಗೆ ಬಂದಿದ್ದೆ. ಅವರಿಗೆ ಎಪ್ಪತ್ತು ಸಮೀಪಿಸಿತ್ತು. ಮನೆಯಲ್ಲಿದ್ದರೂ ಇಸ್ತ್ರಿ ಮಾಡಿದ ಅಂಗಿ, ನೆಟ್ಟಗಿನ ಬೆನ್ನು. ಭಾನುವಾರ ಬೆಳಿಗ್ಗೆ ಅವರ ಮನೆಯ ಕಟ್ಟೆಯ ಮೇಲೆ ಇಬ್ಬರು ಗೆಳೆಯರು ಬಂದು ಕೂಡುತ್ತಿದ್ದರು. ಒಬ್ಬರು ಸೇಡಂ ರಸ್ತೆಯಲ್ಲಿ ದವಾಖಾನೆ ಇಟ್ಟಿದ್ದ ಹಲ್ಲಿನ ಡಾಕ್ಟರು. ಇನ್ನೊಬ್ಬರು ಶಹಾಬಜಾರದಲ್ಲಿ ಮೋಟಾರು ಬಿಡಿಭಾಗಗಳ ಅಂಗಡಿ ನಡೆಸುವವರು, ಎಲ್ಲರ ಬಾಯಲ್ಲಿ ಸಾಹುಕಾರ್ರು. ಮೂವರ ಮಾತೂ ಒಂದೇ: ಹಳೆಯ ಕಾಲದ ಗಿಡ್ಡ ಬಂದೂಕುಗಳು. ಪಿಸ್ತೂಲಿನ ಗುಂಡನ್ನೇ ಸರಸರನೆ ಉಗುಳುವ ಥಾಮ್ಸನ್, ಸ್ಟೆನ್, ಸ್ಟರ್ಲಿಂಗ್. ಸಾಹುಕಾರ್ರ ಬಳಿ ಹಳೆಯ ಸಚಿತ್ರ ಪುಸ್ತಕಗಳಿದ್ದವು. ಡಾಕ್ಟರ ಬಳಿ ಉತ್ಸಾಹವಿತ್ತು. ನಿಜವಾದ ಬಂದೂಕನ್ನು ಹೆಗಲಿಗೆ ಹಾಕಿ ನಡೆದವರು ಚಾಚಾ ಒಬ್ಬರೇ.

ನಾನು ಆ ಕಟ್ಟೆ ಹತ್ತಿದ್ದು ಜಗಳದಿಂದ. ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಬಂದೂಕು ಭಾರವಾದಷ್ಟೂ ಭುಜಕ್ಕೆ ಒದೆತ ಹೆಚ್ಚು ಎಂದು ಡಾಕ್ಟರು ಗಟ್ಟಿಯಾಗಿ ಹೇಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ತಪ್ಪು ಹೇಳಾಕತ್ತೀರಿ ಡಾಕ್ಟ್ರೇ. ಗುಂಡು ಅದೇ ಇದ್ರ, ತೂಕ ಹೆಚ್ಚಾದಂಗ ಒದೆತ ಕಡಿಮಿ ಆಗ್ತದ."

ಗೋಡೆಯ ಆಚೆಯಿಂದ ಚಾಚಾ ಅವರ ಧ್ವನಿ ಕೇಳಿತು. "ಗೋಡಿ ಹಿಂದ ನಿಂತು ಯಾಕ ಹೇಳ್ತಿ ಬೇಟಿ? ಈ ಕಡಿ ಬಾ. ಚಾ ಅದ."

ಅಂದಿನಿಂದ ನಾನು ನಾಲ್ಕನೆಯವಳಾದೆ. ಹೆಣ್ಣುಮಗಳಿಗೆ ಇದೆಲ್ಲ ಯಾಕೆ ಎಂದು ಓಣಿಯಲ್ಲಿ ಕೇಳಿದವರಿದ್ದರು. ನಾನು ಉತ್ತರ ಕೊಡುವ ಗೋಜಿಗೆ ಹೋಗಲಿಲ್ಲ. ಅಲ್ಲಿ ಕೂತು ಮಾತಾಡುವುದು ನನಗೆ ಸೊಗಸೆನಿಸುತ್ತಿತ್ತು, ಅಷ್ಟು ಸಾಕಿತ್ತು. ಡಾಕ್ಟರಿಗೆ ಥಾಮ್ಸನ್ ಎಂದರೆ ಪ್ರೀತಿ. ಅದರ ಮರದ ಹಿಡಿ, ನಯವಾದ ಕಬ್ಬಿಣ, ಗತ್ತು. ಹೊತ್ತು ನಡೆದರೆ ಹೆಗಲು ಬಿದ್ದುಹೋಗುವಷ್ಟು ಭಾರ ಎಂದು ನಾನು ಛೇಡಿಸುತ್ತಿದ್ದೆ. ಚಾಚಾ ಸ್ಟರ್ಲಿಂಗಿನ ಪಕ್ಷ. ಗುಂಡು ತುಂಬುವ ಬಾಗಿದ ಮ್ಯಾಗಜಿನ್, ಮಡಿಸಬಹುದಾದ ಹಿಂಬದಿಯ ಹಿಡಿ. ಕೆಸರಿನಲ್ಲಿ ಬಿದ್ದೆದ್ದರೂ ಕೈಕೊಡದ ಗುಣವನ್ನು ಅವರು ಒಬ್ಬ ಒಳ್ಳೆಯ ಜೊತೆಗಾರನನ್ನು ಹೊಗಳುವಂತೆ ಹೊಗಳುತ್ತಿದ್ದರು.

ಸಾಹುಕಾರ್ರಿಗೆ ಸ್ಟೆನ್ನೇ ಬೇಕು. ಯುದ್ಧದ ಅವಸರದಲ್ಲಿ ಅಗ್ಗಕ್ಕೆ ತಯಾರಾದದ್ದು, ನೋಡಲು ನಲ್ಲಿಯ ಕೊಳವೆಯಂತೆ, ಮ್ಯಾಗಜಿನ್ ಎಡಕ್ಕೆ ಚಾಚಿಕೊಂಡಿರುತ್ತದೆ. ಒಳಗಿನ ಬೋಲ್ಟನ್ನು, ಎಂದರೆ ಸ್ಪ್ರಿಂಗು ಮುಂದಕ್ಕೆ ತಳ್ಳುವ ಕಬ್ಬಿಣದ ತುಂಡನ್ನು, ಹಿಂದಕ್ಕೆ ಎಳೆದಿಟ್ಟರೆ ಅದು ಸಿದ್ಧ. ಬೆರಳಿನಿಂದ ಕುದುರೆ ಒತ್ತಿದೊಡನೆ ಬೋಲ್ಟು ಮುಂದಕ್ಕೆ ನುಗ್ಗಿ ಗುಂಡು ಹಾರುತ್ತದೆ. ಕೈಜಾರಿ ನೆಲಕ್ಕೆ ಬಡಿದರೂ ಕೆಲವೊಮ್ಮೆ ತಾನಾಗಿಯೇ ನುಗ್ಗುವುದು ಅದರ ಕುಖ್ಯಾತಿ. "ಸ್ವಲ್ಪ ಹಟಮಾರಿ ಅದ, ಅಷ್ಟೇ" ಎಂದು ಸಾಹುಕಾರ್ರು ನಗುತ್ತಿದ್ದರು. ನಾವೂ ನಗುತ್ತಿದ್ದೆವು. ಆಗ ಚಾಚಾ ಮಾತ್ರ ಚಹಾದ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋಗಿಬಿಡುತ್ತಿದ್ದರು...

ಒಂದು ಭಾನುವಾರ ಸಾಹುಕಾರ್ರು ಏದುಸಿರು ಬಿಡುತ್ತ ಬಂದರು. ಕಮಲಾಪುರದಲ್ಲಿ ಅವರ ಕೆಂಪು ಬಾಳೆಯ ತೋಟವಿತ್ತು. ನೋಡಿಕೊಳ್ಳುತ್ತಿದ್ದವನು ಅವರ ಹೆಂಡತಿಯ ತಮ್ಮ. ಅಲ್ಲಿಯ ಹಳೆಯ ಬಾವಿಯ ಕಲ್ಲು ಕಿತ್ತು ಕಟ್ಟುವಾಗ, ನೀರಿಗಿಂತ ಎಷ್ಟೋ ಮೇಲಿದ್ದ ಒಂದು ಗೂಡಿನಲ್ಲಿ ತಗಡಿನ ಪೆಟ್ಟಿಗೆ ಸಿಕ್ಕಿತ್ತಂತೆ. ಅದರೊಳಗೆ ಕೊಬ್ಬು ಸವರಿದ ಬಟ್ಟೆಯಲ್ಲಿ ಸುತ್ತಿದ ಒಂದು ಗಿಡ್ಡ ಬಂದೂಕು.

"ಸ್ಟೆನ್ನೇ ಅದ ರೀ. ಮ್ಯಾಗಜಿನ್ ಎಡಕ್ಕ ಅದ ಅಂತ ಫೋನಿನ್ಯಾಗ ಹೇಳ್ಯಾನ."

ನಾಲ್ವರೂ ಅವರ ಜೀಪು ಹತ್ತಿದೆವು. ದಾರಿಯುದ್ದಕ್ಕೂ ಅದು ಯಾರದಿರಬಹುದು, ಯಾವ ಗಲಾಟೆಯ ಕಾಲದಲ್ಲಿ ಯಾರು ಅಲ್ಲಿಟ್ಟಿರಬಹುದು ಎಂಬ ಊಹೆ. ಚಾಚಾ ಮುಂದಿನ ಸೀಟಿನಲ್ಲಿ ಕೂತು ರಸ್ತೆಯನ್ನೇ ನೋಡುತ್ತಿದ್ದರು.

ತೋಟಕ್ಕೆ ಹೋದಾಗ ಆ ಭಾವಮೈದುನ ಬಂದೂಕನ್ನು ಸೀಮೆಎಣ್ಣೆಯಿಂದ ಒರೆಸಿ ಕೈಯಲ್ಲಿ ಹಿಡಿದು ನಿಂತಿದ್ದ. ಸುತ್ತಲೂ ಕೆಲಸದವರು. ಕಬ್ಬಿಣಕ್ಕೆ ತುಕ್ಕು ಅಷ್ಟಾಗಿ ಹಿಡಿದಿರಲಿಲ್ಲ. "ಬರ್ರಿ ಡಾಕ್ಟ್ರೇ, ಹಿಡ್ದು ನೋಡ್ರಿ" ಎಂದು ಅವನು ಮುಂದೆ ಬಂದ. ನಳಿಗೆ ನಮ್ಮತ್ತಲೇ ಇತ್ತು. ಡಾಕ್ಟರು ಎರಡೂ ಕೈ ಚಾಚಿದರು.

"ತಮ್ಮಾ, ಅಲ್ಲೇ ನಿಂದ್ರು." ಚಾಚಾ ಧ್ವನಿ ಏರಿಸಲಿಲ್ಲ. "ಯಾರಿಗೂ ಕೊಡಬ್ಯಾಡ. ಕೆಳಗೂ ಇಡಬ್ಯಾಡ. ಬೆರಳು ಹೊರಗ ತಗಿ. ಮೆಲ್ಲಕ ಅದರ ಬಾಯಿ ಬಾವಿ ಕಡಿ ತಿರುಗಿಸು."

ಆಗ ನಾನೂ ನೋಡಿದೆ. ಅವನು ಆಟಕ್ಕೆಂದು ಎಳೆದಿದ್ದ ಬೋಲ್ಟು ಹಿಂದೆಯೇ ಸಿಕ್ಕಿ ನಿಂತಿತ್ತು. ಮ್ಯಾಗಜಿನ್ ಹಾಕಿಯೇ ಇತ್ತು. ಎಲ್ಲರೂ ನಿಂತಲ್ಲೇ ನಿಂತೆವು. ಚಾಚಾ ಮಾತ್ರ ಬದಿಯಿಂದ ಸುತ್ತಿ ಅವನ ಪಕ್ಕಕ್ಕೆ ಹೋದರು. ಅವನ ಕೈಯ ಮೇಲೆ ತಮ್ಮ ಕೈ ಇಟ್ಟರು, ಬಂದೂಕನ್ನು ತಾವು ಹಿಡಿದುಕೊಂಡು ಅವನನ್ನು ಹಿಂದೆ ಸರಿಸಿದರು. ಮೊದಲು ಮ್ಯಾಗಜಿನ್ ಕಳಚಿದರು. ಆಮೇಲೆ ಬೋಲ್ಟಿನ ಹಿಡಿಯನ್ನು ಬಿಗಿಹಿಡಿದು, ಮಲಗಿದ ಮಗುವನ್ನು ಇಳಿಸುವಷ್ಟು ಮೆಲ್ಲಗೆ ಮುಂದಕ್ಕೆ ಬಿಟ್ಟರು.

ಮ್ಯಾಗಜಿನ್ನಿನ ತುಂಬ ಹಸಿರುಗಟ್ಟಿದ ಗುಂಡುಗಳಿದ್ದವು. "ಇಷ್ಟು ಹಳೇವು ಎಲ್ಲಿ ಹಾರ್ತಾವ್ರೀ" ಎಂದು ಆ ಭಾವಮೈದುನ ನಗಲು ನೋಡಿದ.

ಚಾಚಾ ಬಾವಿಯ ಕಟ್ಟೆಯ ಮೇಲೆ ಕೂತರು. "ನನ್ನ ಜೋಡಿ ಭರ್ತಿ ಆದವ ಒಬ್ಬ ಇದ್ದ. ಲಾರಿಯಿಂದ ಇಳಿಯೂವಾಗ ಅವನ ಸ್ಟೆನ್ ಜಾರಿ ನೆಲಕ್ಕ ಬಡೀತು, ಗುಂಡು ಹಾರಿ ಅವ ಅಲ್ಲೇ ಹೋದ. ಲಡಾಯಿ ಇರಲಿಲ್ಲ, ದುಶ್ಮನ್ ಇರಲಿಲ್ಲ. ಊಟಕ್ಕ ಹೊಂಟಿದ್ದಿವಿ." ಕಳಚಿದ ಮ್ಯಾಗಜಿನ್ನನ್ನು ಪಕ್ಕಕ್ಕಿಟ್ಟು, "ನಾನು ಅವನ ಎದುರಿಗೇ ನಿಂತಿದ್ದೆ" ಎಂದರು.

ಅಷ್ಟು ವರ್ಷ ಅವರು ಕಪ್ಪು ಎತ್ತಿಕೊಂಡು ಒಳಗೆ ಹೋಗುತ್ತಿದ್ದುದು ಯಾಕೆಂದು ಆಗ ತಿಳಿಯಿತು.

ಪೊಲೀಸರಿಗೆ ಒಪ್ಪಿಸಬೇಕು ಎಂದರು ಚಾಚಾ. ಸಾಹುಕಾರ್ರ ಮುಖ ಕೆಂಪಾಯಿತು. ಇಡೀ ಜೀವನ ಚಿತ್ರದಲ್ಲಿ ನೋಡಿದ್ದ ವಸ್ತು ತಮ್ಮದೇ ತೋಟದಲ್ಲಿ ಸಿಕ್ಕಿತ್ತು.

"ಗುಂಡು ಬಾವ್ಯಾಗ ಒಗದು, ಬಂದೂಕ ಒರೆಸಿ ಇಟ್ಕೋತೀನಿ. ಯಾರಿಗೆ ಗೊತ್ತಾಗ್ತದ? ನಮ್ಮ ಜಾಗದಾಗ ಸಿಕ್ಕದ್ದು ಚಾಚಾ. ನೀವ್ಯಾಕ ನಡುವ ಬರ್ತೀರಿ?"

"ಮನ್ಯಾಗ ಮೊಮ್ಮಕ್ಕಳು ಅದಾರ ನಿಮಗ" ಎಂದಷ್ಟೇ ಹೇಳಿದರು ಚಾಚಾ. ಡಾಕ್ಟರು ಅತ್ತ ಇತ್ತ ನೋಡಿದರು. ನಾನು ನೋಡಲಿಲ್ಲ. ಫೋನು ತೆಗೆದು ಠಾಣೆಗೆ ತಿಳಿಸಿದೆ. ಆ ಕೆಲಸದ ಬಗ್ಗೆ ನನಗೆ ಅಂದೂ ಅನುಮಾನವಿರಲಿಲ್ಲ, ಇಂದೂ ಇಲ್ಲ.

ಬಂದ ಪೊಲೀಸರಲ್ಲಿ ಹಿರಿಯನಂತಿದ್ದವನು ಕೇಳಿದ್ದು ಬಂದೂಕಿನ ಪಕ್ಕ ಕೂತಿದ್ದ ಚಾಚಾ ಅವರನ್ನೇ. ಹೆಸರು ಕೇಳಿದ. ಹೇಳಿದ ಮೇಲೆ ಮುಖ ಎತ್ತಿ ನೋಡಿ ಮತ್ತೊಮ್ಮೆ ಕೇಳಿದ. ಎಲ್ಲಿಂದ ಬಂದಿರಿ, ಇಲ್ಲಿ ನಿಮಗೇನು ಕೆಲಸ, ಇದನ್ನು ಬಿಚ್ಚಲು ನಿಮಗೆ ಹೇಗೆ ಬರುತ್ತದೆ... ಚಾಚಾ ನೆಟ್ಟಗೆ ನಿಂತು ಒಂದೊಂದಕ್ಕೂ ಉತ್ತರಿಸಿದರು. ನಾನು ಬಾಯಿ ತೆರೆಯುವಷ್ಟರಲ್ಲಿ, ಅಷ್ಟು ಹೊತ್ತು ಬಾಳೆಯ ಸಾಲಿನಲ್ಲಿ ಮುಖ ತಿರುಗಿಸಿ ನಿಂತಿದ್ದ ಸಾಹುಕಾರ್ರು ನಡುವೆ ಬಂದರು.

"ತೋಟ ನಂದು, ಬಾವಿ ನಂದು. ನನ್ನ ಹೆಸರು ಬರ್ಕೋರಿ. ಇವರು ಫೌಜಿನ್ಯಾಗ ಸುಬೇದಾರ್ ಇದ್ದವರು, ನಮ್ಮ ಹಿರಿಯರು. ಇವರು ಇರದಿದ್ರ ಇವತ್ತ ನೀವು ಬ್ಯಾರೇ ಕೇಸು ಬರ್ಕೋಬೇಕಾಗ್ತಿತ್ತು."

ಪೊಲೀಸಿನವನ ಧ್ವನಿ ಬದಲಾಯಿತು. ಕುರ್ಚಿ ತರಿಸಿ ಚಾಚಾ ಅವರನ್ನು ಕೂರಿಸಿದ.

ಕೆಲವು ವಾರ ಸಾಹುಕಾರ್ರು ಕಟ್ಟೆಯ ಕಡೆ ಸುಳಿಯಲಿಲ್ಲ. ಮುಗಿಯಿತು ಎಂದುಕೊಂಡೆವು. ಆಮೇಲೊಂದು ಭಾನುವಾರ ಕೆಂಪು ಬಾಳೆಯ ಗೊನೆಯೊಂದನ್ನು ಆಳಿನ ತಲೆಯ ಮೇಲೆ ಹೊರಿಸಿಕೊಂಡು ಬಂದರು. ಚಾಚಾ ಏನೂ ಆಗಿಲ್ಲವೆಂಬಂತೆ ಸರಿದು ಜಾಗ ಕೊಟ್ಟರು. "ಡಾಕ್ಟ್ರು ಮತ್ತ ಥಾಮ್ಸನ್ ಹೊಗಳಾಕತ್ತಾರ. ಇವರಿಗೆ ನೀವರ ಹೇಳ್ರಿ."

ಚಾಚಾ ತೀರಿಕೊಂಡು ವರ್ಷಗಳಾದವು. ಕೊನೆಯ ದಿನಗಳಲ್ಲಿ ಸೇಡಂ ರಸ್ತೆಯ ಆಸ್ಪತ್ರೆಯಲ್ಲಿ ನೋಡಲು ಹೋಗಿದ್ದೆ. ಮಾತು ಕ್ಷೀಣಿಸಿತ್ತು. ಹತ್ತಿರ ಕರೆದು ಕೇಳಿದರು: "ಆವತ್ತು ತ್ವಾಟದಾಗ ನನ್ನ ಕೈ ನಡುಗ್ತಿತ್ತೇನು ಬೇಟಿ?"

"ಇಲ್ಲ ಚಾಚಾ. ಒಂಚೂರೂ ಇಲ್ಲ."

"ನನಗ ನಡುಗಿದಂಗೇ ನೆನಪದ" ಎಂದು ಕಣ್ಣು ಮುಚ್ಚಿದರು. ನಾನು ಸಮಾಧಾನಕ್ಕೆ ಹೇಳಿದ್ದಲ್ಲ. ಅವರ ಕೈಯನ್ನೇ ನೋಡುತ್ತ ನಿಂತಿದ್ದವಳು ನಾನು. ನಡುಗಿರಲಿಲ್ಲ.

ಭಾನುವಾರಗಳು ಈಗ ಸಾಹುಕಾರ್ರ ಮನೆಯಲ್ಲಿ. ಮೂವರ ಕೂದಲೂ ಬೆಳ್ಳಗಾಗಿದೆ, ವಾದದ ಬಿಸಿ ಕಡಿಮೆಯಾಗಿಲ್ಲ. ಮೊನ್ನೆ ಅವರ ಹೊಸ ಸೊಸೆ ಚಹಾ ಕೊಡುತ್ತ ನಿಂತು ಕೇಳಿದಳು: "ಇಷ್ಟೆಲ್ಲ ಮಾತಾಡ್ತೀರಲ್ರಿ, ನಿಮ್ಮಾಗ ಯಾರರ ಒಬ್ಬರು ಖರೇ ಬಂದೂಕ ಹಿಡ್ದೀರೇನು?"

ಡಾಕ್ಟರು ಸಾಹುಕಾರ್ರನ್ನು ನೋಡಿದರು. ಸಾಹುಕಾರ್ರು ನನ್ನನ್ನು ನೋಡಿದರು.

"ಹಿಡಿದವರು ಒಬ್ಬರಿದ್ರವ್ವಾ" ಎಂದೆ. "ಕೂಡು, ಹೇಳ್ತೀನಿ."