ಎಡದ ಮೇಲೆ ಬಲ

ತಂಗಿ ದೊಡ್ಡವಳಾದಾಗ ಜಗಳೂರಿನ ಮನೆಯಲ್ಲಿ ಆರತಿ ಇಟ್ಟುಕೊಂಡರು. ಅವಳ ಹಟ ಒಂದೇ: ರೇಷ್ಮೆ ಸೀರೆ ಬೇಡ, ಅಕ್ಕನ ಕಿಮೋನೊ ಬೇಕು.

ಅದು ನಾನು ಓದಲು ಜಪಾನಿಗೆ ಹೋಗಿದ್ದ ವರ್ಷ ಸಿಕ್ಕಿದ್ದು. ಅಲ್ಲಿ ಇಪ್ಪತ್ತು ತುಂಬಿದವರಿಗಾಗಿ ಜನವರಿಯಲ್ಲಿ ಒಂದು ಹಬ್ಬವಿದೆ. ಹೆಣ್ಣುಮಕ್ಕಳು ಮೀನಖಂಡದವರೆಗೆ ಇಳಿಬೀಳುವ ತೋಳಿನ ಕಿಮೋನೊ ಉಟ್ಟು, ಮುಡಿಗೆ ಬಟ್ಟೆಯ ಹೂ ಸಿಕ್ಕಿಸಿಕೊಳ್ಳುತ್ತಾರೆ. ನಾನಿದ್ದ ಮನೆಯ ತಾಯಿ ತಮ್ಮ ಮಗಳದ್ದನ್ನು ನನಗೆ ಉಡಿಸಿದರು. ಊರಿಗೆ ಹೊರಟಾಗ ಅದನ್ನೇ ಮಡಿಚಿ ಕೊಟ್ಟರು. ಒತ್ತಿ ಹೇಳಿದ್ದು ಒಂದೇ ಮಾತು: ಎಡಭಾಗ ಯಾವಾಗಲೂ ಬಲದ ಮೇಲೆ ಬರಬೇಕು. ಬಲ ಮೇಲೆ ಬಂದರೆ ಅದು ಹೆಣಕ್ಕೆ ಉಡಿಸುವ ರೀತಿ.

ಆರತಿಯ ದಿನ ತಂಗಿಗೆ ನಾನೇ ಉಡಿಸಿದೆ. ಎಡವನ್ನು ಬಲದ ಮೇಲೆ ತಂದು ದಾರ ಬಿಗಿದು, ಅಗಲವಾದ ನಡುಪಟ್ಟಿ ತರಲು ಒಳಕೋಣೆಗೆ ಹೋದೆ. ಬರುವಷ್ಟರಲ್ಲಿ ಅಜ್ಜಿ ಎಲ್ಲ ಬಿಚ್ಚಿ, ಬಲವನ್ನು ಮೇಲೆ ತಂದು ಕಟ್ಟಿದ್ದಳು.

"ಶುಭಕಾರ್ಯದಾಗೆ ಎಡ ಮೇಲೆ ಹಾಕ್ತಾರೇನೇ? ಓದಾಕೆ ಹೋಗಿ ಇದನ್ನೇ ಕಲಿತು ಬಂದ್ಯಾ?" ಎಂದಳು. ಅವಳ ಸೆರಗೂ ಹಳೆಯ ರೀತಿಯಲ್ಲಿ ಬಲಹೆಗಲ ಮೇಲೆಯೇ.

ಹೊನ್ನಾಳಿಯಿಂದ ಬಂದಿದ್ದ ಸೋದರತ್ತೆ ನಕ್ಕಳು. "ತೋಳು ನೋಡ್ರೇ, ಒಂದೊಂದರಾಗೂ ನಾಕು ಸೇರು ಮೆಕ್ಕೆಜೋಳ ಹಿಡೀತೈತೆ! ಉಡಿಸಿದ್ದು ಮಾತ್ರ ಭೇಷ್ ಬಿಡವ್ವಾ."

ಅಜ್ಜ ತೀರಿಕೊಂಡ ಮೇಲೆ ಅಜ್ಜಿ ಇಂಥ ದಿನಗಳಲ್ಲಿ ಅಡುಗೆಮನೆ ಬಾಗಿಲು ದಾಟಿದವಳಲ್ಲ. ಅವತ್ತು ತಂಗಿಯೇ ಕೈಹಿಡಿದು ಎಳೆದು ತಂದಿದ್ದಳು. ನಾನು ಹೆಣದ ಮಾತೆತ್ತಿದರೆ, ಯಾರ ಕೈ ತಾಗಿ ಹೀಗಾಯಿತು ಎಂದು ಆರತಿಗೆ ಬಂದ ಹೆಂಗಸರು ಆಡಿಕೊಳ್ಳದೆ ಬಿಡುತ್ತಿರಲಿಲ್ಲ. ಅದರ ಮೇಲೆಯೇ ನಡುಪಟ್ಟಿ ಕಟ್ಟಿದೆ. ತಂಗಿ ಹಸೆಯ ಮೇಲೆ ಕೂತಳು. ಮಡಿಲಿಗೆ ಎಳ್ಳಿನ ಚಿಗಳಿ, ಕೊಬ್ಬರಿ ಬಿದ್ದವು. ನನಗೆ ಅವಳ ಮುಖ ನೋಡಲಾಗದೆ ಎದೆಯ ಮೇಲಿನ ಆ ಅಂಚನ್ನೇ ನೋಡುತ್ತಿದ್ದೆ.

"ಅಜ್ಜಿ ಜೊತೆ ತೆಗೆಸಿದ ಫೋಟೋನ ನಿನ್ನ ಜಪಾನ್ ಅಮ್ಮನಿಗೆ ಕಳಿಸೇ," ಎಂದು ತಂಗಿ ಬೆನ್ನುಬಿದ್ದಳು. ಫೋನಿನಲ್ಲಿ ಆ ಚಿತ್ರವನ್ನು ಕನ್ನಡಿಯ ಬಿಂಬದಂತೆ ತಿರುಗಿಸಿದೆ. ಎಡ ಬಲದ ಮೇಲೆ ಬಂತು. ಕಳಿಸಿದೆ. "ನಾನು ಹೇಳಿದ್ದನ್ನು ಮರೆತಿಲ್ಲವಲ್ಲ, ಅಷ್ಟು ಸಾಕು" ಎಂದು ಆ ತಾಯಿ ಬರೆದರು. ಅವರಿಗೆ ಇನ್ನೂ ಉತ್ತರ ಬರೆದಿಲ್ಲ.

ತಂಗಿ ನನ್ನ ಫೋನಿನಿಂದ ಅದೇ ಚಿತ್ರ ತೆಗೆದುಕೊಂಡು, ದೊಡ್ಡದು ಮಾಡಿಸಿ ನಡುಮನೆಗೆ ಹಾಕಿದಳು. ಅಜ್ಜಿ ಅದರ ಮುಂದೆ ನಿಂತು ಬಹಳ ಹೊತ್ತು ನೋಡಿದಳು.

"ಇದೇನೇ, ನನ್ನ ಸೆರಗು ಎಡಕ್ಕೆ ಬಂದೈತೆ?"

"ಫೋನು ಒಮ್ಮೊಮ್ಮೆ ಹಂಗೆ ಮಾಡ್ತೈತೆ ಅಜ್ಜಿ," ಎಂದೆ.

"ಹಾಳಾದ್ದು. ಹುಡುಗೀದೂ ಉಲ್ಟಾ ತೋರಿಸೈತೆ." ಆಮೇಲೆ ದನಿ ತಗ್ಗಿಸಿದಳು. "ಎದುರುಮನೆ ಹುಡುಗಿಗೆ ಬರೋ ವಾರ ಆರತಿ ಅಂತೆ. ಆ ಅಂಗಿ ಕೇಳ್ಯಾರೆ. ಉಡಿಸಾಕೆ ನನ್ನ ಕರೆದಾರೆ ಕಣೇ, ನನ್ನ!"

ನಿಜ ಹೇಳಲು ಒಂದು ವಾರವಿತ್ತು. ಇವತ್ತು ಅಜ್ಜಿ ತನ್ನ ಒಳ್ಳೆಯ ಸೀರೆ ಉಟ್ಟು, ಕಿಮೋನೊವನ್ನು ಎದೆಗವಚಿಕೊಂಡು ಎದುರುಮನೆಗೆ ಹೋಗಿದ್ದಾಳೆ. ತಲೆನೋವೆಂದು ಹೇಳಿ ನಾನು ಮನೆಯಲ್ಲೇ ಉಳಿದಿದ್ದೇನೆ.