ಎವೆಲಿಯೊ ಎತ್ತಿದ ಕೇಬಲ್

ಪ್ಲಾಸೇತಾಸ್ ಊರಿನಲ್ಲಿ ಕಾರಿನ ದೀಪ ಮಂಕಾದರೆ ಜನ ಮೊದಲು ನೆನೆಯುತ್ತಿದ್ದುದು ಎವೆಲಿಯೊನನ್ನು. ದೇವರ ಸರದಿ ಆಮೇಲೆ. ಹಿತ್ತಿಲಿನ ಬೆಣ್ಣೆಹಣ್ಣಿನ ಮರದ ಕೆಳಗೆ ಒಂದು ಹಲಗೆ, ಎರಡು ವೈರು ಕಟ್ಟಿದ ಪುಟ್ಟ ಬಲ್ಬು, ಹಿಡಿ ಸವೆದ ಸ್ಕ್ರೂಡ್ರೈವರು. ಅವನ ಕಾರ್ಖಾನೆ ಎಂದರೆ ಇಷ್ಟೇ. ಮೀಟರು ಎಂದೋ ಕೆಟ್ಟುಹೋಗಿತ್ತು. ಬಲ್ಬು ಕೆಂಪಗೆ ಉರಿಯಿತೋ ಬೆಳ್ಳಗೆ ಉರಿಯಿತೋ ಎಂದು ನೋಡಿಯೇ ಅವನು ಕಾರಿನ ರೋಗ ಹೇಳುತ್ತಿದ್ದ.

ಮೀಸೆ ಚಿಗುರುವ ಮುಂಚೆಯೇ ಅವನು ಕ್ರಿಸ್ಪುಲೊ ಎಂಬ ಮೇಸ್ತ್ರಿಯ ಕೈಕೆಳಗೆ ಸೇರಿದ್ದ. ಆಗ ಎಲ್ಲ ಕಾರಿಗೂ, ಓಡುವಾಗ ಕರೆಂಟು ಹುಟ್ಟಿಸಲು, ಡೈನಮೋ. ರಿಪೇರಿ ಮುಗಿದ ಮೇಲೆ ಕ್ರಿಸ್ಪುಲೊ ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಕೇಬಲನ್ನು ಎತ್ತಿಬಿಡುತ್ತಿದ್ದ. ಬ್ಯಾಟರಿಯ ಹಂಗಿಲ್ಲದೆ ಎಂಜಿನ್ ಓಡುತ್ತಲೇ ಇದ್ದರೆ ಡೈನಮೋ ಗಟ್ಟಿ ಎಂದು ಲೆಕ್ಕ. ಮೇಸ್ತ್ರಿ ಸತ್ತರೂ ಅವನ ಕೈ ಶಿಷ್ಯನಿಗೆ ಉಳಿಯಿತು. ಎವೆಲಿಯೊ ಎರಡು ಬೆರಳಲ್ಲಿ ಕೇಬಲ್ ಎತ್ತಿ, ಗಾಳಕ್ಕೆ ಬಿದ್ದ ಮೀನು ತೋರಿಸುವವನಂತೆ ಮೇಲಕ್ಕೆ ಹಿಡಿಯುತ್ತಿದ್ದ. ಸುತ್ತ ನಿಂತವರು "ಓಡ್ತು!" ಎಂದು ಕೂಗುತ್ತಿದ್ದರು. ಆ ಕೂಗು ಕೇಳಿ ಹೆಂಡತಿ ನೀವೆಸ್ ಕಾಫಿಗೆ ನೀರಿಡುತ್ತಿದ್ದಳು. ಕೂಗು ಕೇಳುವ ತನಕ ಅವಳ ಪಾಲಿಗೆ ಯಾವ ಕೆಲಸವೂ ಮುಗಿದಂತಲ್ಲ.

ಕಾಲ ಕಳೆದಂತೆ ರಷ್ಯದ ಕಾರುಗಳು ಬಂದವು, ಅವುಗಳ ಜೊತೆ ಡೈನಮೋದ ಕೆಲಸವನ್ನೇ ಮಾಡುವ ಆಲ್ಟರ್ನೇಟರ್ ಬಂತು. ಡೈನಮೋ ಸತ್ತ ಹಳೆಯ ಅಮೆರಿಕನ್ ಕಾರುಗಳಿಗೆ ಎವೆಲಿಯೊ ಅದನ್ನೇ ಕೂರಿಸಿದ. ಅದರೊಳಗಿನ ಡಯೋಡುಗಳು ಒಂದೇ ಕಡೆಗೆ ತೆರೆಯುವ ಪುಟ್ಟ ಬಾಗಿಲುಗಳು. ಓಡುವಾಗ ಬ್ಯಾಟರಿ ಕಳಚಿದರೆ ಆ ಬಾಗಿಲುಗಳು ಸುಟ್ಟುಹೋಗುತ್ತವೆ. "ಬ್ಯಾಟರಿ ಅಂದ್ರೆ ಕೆರೆ ಕಣ್ರೋ," ಎಂದು ಅವನು ಎಲ್ಲರಿಗೂ ಬೈದು ಹೇಳುತ್ತಿದ್ದ. "ಹರಿದು ಬರೋ ನೀರನ್ನ ಹಿಡಿದಿಡೋದು ಅದು. ಕೆರೆ ಬಾಯಿ ಮುಚ್ಚಿದ್ರೆ ನೀರು ಮನೆಗೆ ನುಗ್ಗುತ್ತೆ. ಡೈನಮೋಗಾದ್ರೆ ಎತ್ತಿ, ಇದಕ್ಕೆ ಬೇಡ." ಊರಿನ ಅರ್ಧ ಕಾರುಗಳಲ್ಲಿ ಇನ್ನೂ ಡೈನಮೋ ಇತ್ತು. ಹೀಗಾಗಿ ಅವನ ಕೈ ಒಂದು ದಿನ ಎತ್ತುವುದು, ಮರುದಿನ ಎತ್ತದಿರುವುದು, ಹೀಗೆಯೇ ಬದುಕುತ್ತಿತ್ತು.

ರಷ್ಯದ ಎಣ್ಣೆ ಬರದೆ ಬಸ್ಸುಗಳು ನಿಂತುಹೋಗಿದ್ದ, ದಿನದ ಅರ್ಧ ಹೊತ್ತು ಕರೆಂಟಿಲ್ಲದ ಆ ವರ್ಷಗಳಲ್ಲಿ, ಒಂದು ಬೆಳಗ್ಗೆ ಮೂಲೆಯ ಔಷಧದಂಗಡಿಯ ಫೋನಿಗೆ ಕಡಲತೀರದ ಕೈಬಾರಿಯೆನ್‌ನಿಂದ ಕರೆ ಬಂತು. ನೀವೆಸ್ ಏಪ್ರನ್ನಿನಲ್ಲೇ ಓಡಿಹೋದಳು. ಹಿಂದಿರುಗುವಾಗ ಓಡಲಿಲ್ಲ.

"ಅಕ್ಕನ ವಿಷ್ಯ," ಎಂದಳು. "ಪಕ್ಕದ ಮನೆ ಸೊಯ್ಲಾ ಮಾತಾಡಿದ್ಳು. ಡಾಕ್ಟರು ಇವತ್ತು ದಾಟೋದು ಕಷ್ಟ ಅಂದ್ರಂತೆ."

ಎವೆಲಿಯೊ ಕೈ ಒರೆಸಿಕೊಂಡ.

"ಇನ್ನೇನಂದ್ಳು?"

"ಅಕ್ಕ ನನ್ನ ಕೇಳ್ತಾ ಇದಾಳಂತೆ. 'ನೀವೆಸ್ ಬರಲಿ, ಆ ಮಾತನ್ನ ನಾನು ವಾಪಸ್ ತಗೋಬೇಕು' ಅಂತ."

ಆ ಮಾತು ಯಾವುದು ಎಂದು ಅವನು ಕೇಳಬೇಕಿರಲಿಲ್ಲ. ತಾಯಿ ಇಲ್ಲದ ನೀವೆಸ್‌ಳನ್ನು ಎತ್ತಿ ಆಡಿಸಿ ಬೆಳೆಸಿದವಳು ಅಕ್ಕ ಎರ್ಮೀನಿಯಾ. ವರ್ಷಗಳ ಹಿಂದೆ ಒಂದು ಕ್ರಿಸ್‌ಮಸ್ ಊಟದಲ್ಲಿ, ಹಂದಿಮಾಂಸ ಬಡಿಸುತ್ತ, ಯಾವುದೋ ಸಣ್ಣ ಜಗಳದ ಬಿಸಿಯಲ್ಲಿ ಅವಳು ಮಕ್ಕಳಿಲ್ಲದ ತಂಗಿಗೆ ಹೇಳಿಬಿಟ್ಟಿದ್ದಳು: "ಹೆತ್ತಿದ್ರೆ ತಾನೇ ನಿಂಗೆ ಗೊತ್ತಾಗೋದು." ನೀವೆಸ್ ತಟ್ಟೆಯನ್ನು ಮೇಜಿನ ಮೇಲಿಟ್ಟು ಎದ್ದು ಬಂದವಳು ಮತ್ತೆ ಆ ಹೊಸಿಲು ತುಳಿದಿರಲಿಲ್ಲ. ಎರಡು ಊರುಗಳ ನಡುವೆ ಕಬ್ಬಿನ ಗದ್ದೆಗಳಷ್ಟೇ ಇದ್ದರೂ ಅಕ್ಕತಂಗಿಯರ ನಡುವೆ ಸಮುದ್ರ ಬಿದ್ದಿತ್ತು.

"ಹೋಗೋಣ," ಎಂದ ಎವೆಲಿಯೊ. "ಪೆಟ್ರೋಲು ಒಂದು ಕ್ಯಾನ್ ಎತ್ತಿಟ್ಟಿದೀನಿ."

ಅವನ ಕಾರಿಗೆ ಊರವರು ಇಟ್ಟ ಹೆಸರು ಡುಮ್ಮಿ. ಹೆಚ್ಚುಕಡಿಮೆ ಅವನಷ್ಟೇ ವಯಸ್ಸಿನ, ಹಸಿರು ಬಣ್ಣದ ಅಮೆರಿಕನ್ ಗಾಡಿ. ಅದಕ್ಕೂ ಅವನು ರಷ್ಯದ ಆಲ್ಟರ್ನೇಟರನ್ನೇ ಕೂರಿಸಿದ್ದ. ಆದರೆ ಡುಮ್ಮಿಯ ಚಾರ್ಜಿನ ಕೆಂಪು ದೀಪ ಕೆಲವು ದಿನಗಳಿಂದ ಆರುತ್ತಲೇ ಇರಲಿಲ್ಲ. ಚಮ್ಮಾರನ ಮಕ್ಕಳಿಗೆ ಚಪ್ಪಲಿ ಇಲ್ಲ ಎಂಬಂತೆ, ಅವನು ಅದನ್ನು ನಾಳೆ, ನಾಡಿದ್ದು ಎಂದು ಮುಂದೂಡಿದ್ದ. ಬ್ಯಾಟರಿ ಬಸಿದು, ಆ ದೀಪ ಉರಿಸುವಷ್ಟು ಮಾತ್ರ ಉಳಿದಿತ್ತು. ಹಿಂದಿನ ದಿನ ನಾಲ್ಕು ಜನ ತಳ್ಳಿ ಚಾಲೂ ಮಾಡಿದ್ದರು.

ಅವನು ಬಾನೆಟ್ ಎತ್ತುವಷ್ಟರಲ್ಲಿ ಎದುರು ಮನೆಯ ರಿಗೋ ಬಂದು ಗೋಡೆಗೊರಗಿ ನಿಂತ. ಬಾಡಿಗೆ ಕಾರು ಓಡಿಸುವವನು. ಅವನ ಕಾರಿನ ಗೇರ್‌ಪೆಟ್ಟಿಗೆ ಬಿಚ್ಚಿ, ಕಾರನ್ನು ಇಟ್ಟಿಗೆಗಳ ಮೇಲೆ ಕೂರಿಸಿ ತಿಂಗಳುಗಳಾಗಿದ್ದವು; ಹಾಗಾಗಿ ಬೇರೆಯವರ ಕಾರಿನ ಮೇಲೆ ಅಭಿಪ್ರಾಯ ಹೇಳುವುದೇ ಅವನ ಈಗಿನ ಉದ್ಯೋಗ.

"ಏನ್ ಮೇಸ್ತ್ರಿ, ಡುಮ್ಮಿಗೆ ಹೊಟ್ಟೆನೋವಾ?"

"ನಿನ್ನ ನಾಲಿಗೆಗೆ ಬ್ರೇಕಿಲ್ವಲ್ಲಪ್ಪ, ಅದಕ್ಕೇನು ಮದ್ದು?" ಎಂದ ಎವೆಲಿಯೊ, ತಲೆ ಎತ್ತದೆ.

ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ, ಬಿಗಿಯಾಗಿತ್ತು. ಬ್ಯಾಟರಿಯಿಂದ ಕಾರಿನ ಮೈಗೆ ಹೋಗುವ ವೈರನ್ನು ಬಿಚ್ಚಿ, ಕಿಲುಬು ಕೆರೆದು ಮತ್ತೆ ಕಟ್ಟಿದ. ದೋಷ ಅಲ್ಲೂ ಕಾಣಲಿಲ್ಲ. ಬಳಿಕ ಕೀಲಿ ತಿರುಗಿಸಿ, ಸ್ಕ್ರೂಡ್ರೈವರಿನ ತುದಿಯನ್ನು ಆಲ್ಟರ್ನೇಟರಿನ ಬೆನ್ನಿಗೆ ತಾಗಿಸಿದ. ಒಳಗಿನ ಸುರುಳಿಗೆ ಕರೆಂಟು ತಲುಪುತ್ತಿದ್ದರೆ ಅದು ಅಯಸ್ಕಾಂತವಾಗಿ ಸ್ಕ್ರೂಡ್ರೈವರನ್ನು ಸೆಳೆಯಬೇಕು. ಸೆಳೆಯಲಿಲ್ಲ. ಸತ್ತವರ ಕೈ ಹಿಡಿದಂತಿತ್ತು.

"ಬ್ರಷ್ ಸವೆದಿದೆ," ಎಂದ.

ಬಿಚ್ಚಿದಾಗ ಅವನ ಮಾತೇ ನಿಜವಾಯಿತು. ತಿರುಗುವ ಸುರುಳಿಗೆ ಕರೆಂಟು ದಾಟಿಸುವ ಎರಡು ಕರಿಯ ತುಂಡುಗಳು ಉಗುರಿನಷ್ಟೇ ಉಳಿದಿದ್ದವು. ಹೊಸದು ಇಡೀ ಊರಿನಲ್ಲಿ ಇರಲಿಲ್ಲ. ಎವೆಲಿಯೊ ಟಾರ್ಚಿನ ಹಳೆಯ ಸೆಲ್ಲುಗಳನ್ನು ಒಡೆದು ನಡುವಿನ ಕರಿಕಡ್ಡಿ ತೆಗೆದ. ಹಲಗೆಯ ಮೇಲೆ ಕೂತು ಅರದಿಂದ ಉಜ್ಜಿ ಉಜ್ಜಿ ಚೌಕ ಮಾಡಿದ. ಒಂದು ಮುರಿಯಿತು. ಇನ್ನೊಂದನ್ನು ತೆಗೆದ. ಬಾಗಿಲಲ್ಲಿ ನೀವೆಸ್ ನೀಲಿ ಉಡುಪು ತೊಟ್ಟು, ಕೈಚೀಲ ಹಿಡಿದು ನಿಂತಿದ್ದಳು.  ಅವಳು ಒಳಹೊರಗೆ ಓಡಾಡುವ ಚಪ್ಪಲಿಯ ಸದ್ದೇ ಬೇಗ ಆಗಲಿ ಎನ್ನುತ್ತಿತ್ತು.

"ಸೆಲ್ಲಿನ ಕಡ್ಡಿ!" ಎಂದು ರಿಗೋ ನಕ್ಕ. "ಮೇಸ್ತ್ರಿ, ಅದು ದಾರೀಲಿರೋ ಸುಲುಯೆತಾವರೆಗೂ ಬಾಳಲ್ಲ. ಬೆಟ್ ಕಟ್ತೀಯಾ?"

"ಬಾಳುತ್ತೆ."

ಮಧ್ಯಾಹ್ನದ ಬಿಸಿಲು ಇಳಿಮುಖವಾಗುವ ಹೊತ್ತಿಗೆ ಎಲ್ಲ ಜೋಡಿಸಿ ಮುಗಿಯಿತು. ಬೀದಿಯವರು ತಳ್ಳಿದರು, ಡುಮ್ಮಿ ಕೆಮ್ಮಿ ಕೆಮ್ಮಿ ಎದ್ದಳು. ಸ್ಕ್ರೂಡ್ರೈವರು ಟಕ್ಕನೆ ಅಂಟಿಕೊಂಡಿತು. ಕೆಂಪು ದೀಪ ಆರಿತು. ಹೆಡ್‌ಲೈಟು ಹಾಕಿದರೆ ಹಗಲಲ್ಲೂ ಎದುರು ಗೋಡೆ ಬೆಳಗಿತು. ಜನ ಮುತ್ತಿದರು. ರಿಗೋ ಕೂಡ ಗೋಡೆ ಬಿಟ್ಟು ಬಂದ.  ಹೋಗುತ್ತೇವೆ, ಇನ್ನೂ ಹೊತ್ತಿದೆ, ಅಕ್ಕ ಬದುಕಿದ್ದಾಳೆ ಎಂದುಕೊಂಡ ಎವೆಲಿಯೊ. ಆ ಖುಷಿಯಲ್ಲಿ ಅವನು ಸ್ಪ್ಯಾನರ್ ತಿರುಗಿಸಿ, ಎರಡು ಬೆರಳಲ್ಲಿ ಬ್ಯಾಟರಿಯ ಕೇಬಲ್ ಎತ್ತಿ, ಮೀನಿನಂತೆ ಮೇಲಕ್ಕೆ ಹಿಡಿದ.

"ಓಡ್ತು!" ಎಂದು ಜನ ಕೂಗಿದರು.

ಕೂಗು ಮುಗಿಯುವ ಮುಂಚೆಯೇ ಹೆಡ್‌ಲೈಟು ಸೀಮೆಸುಣ್ಣದಂತೆ ಬೆಳ್ಳಗಾಗಿ ಪಟ್ಟೆಂದು ಒಡೆಯಿತು. ಸುಟ್ಟ ವಾರ್ನಿಷಿನ ವಾಸನೆ ಎದ್ದಿತು. ಎಂಜಿನ್ ನಿಂತಿತು. ಎವೆಲಿಯೊ ಕೇಬಲ್ ಹಿಡಿದ ಕೈಯನ್ನು ಇಳಿಸಲೇ ಇಲ್ಲ. ಅದು ಬೇರೆ ಯಾರದೋ ಕೈ ಎಂಬಂತೆ ನೋಡುತ್ತ ನಿಂತ.

"ಮೇಸ್ತ್ರಿ... ಇದು ಡೈನಮೋ ಅಲ್ವಲ್ಲ," ಎಂದ ರಿಗೋ. ಅವನ ದನಿಯಲ್ಲಿ ಲೇವಡಿ ಇರಲಿಲ್ಲ.

ಎವೆಲಿಯೊ ಡಯೋಡುಗಳಿಗೆ ಬಲ್ಬು ಕಟ್ಟಿ ನೋಡಿದ. ಒಂದು ಕಡೆಯಿಂದ ಹಿಡಿದರೂ ಉರಿಯಿತು, ತಿರುಗಿಸಿ ಹಿಡಿದರೂ ಉರಿಯಿತು. ಬಾಗಿಲುಗಳು ಸುಟ್ಟು ಹಾರುಹೊಡೆದಿದ್ದವು. ಅವನು ಸೈಕಲ್ ಹತ್ತಿ ರಷ್ಯದ ಕಾರಿದ್ದ ಮನೆಗಳ ಕದ ತಟ್ಟಿದ. ಒಬ್ಬ ಊರಲ್ಲಿರಲಿಲ್ಲ. ಇನ್ನೊಬ್ಬ ಮೂಲೆಯ ರಾಶಿಯಿಂದ ತೆಗೆದುಕೊಟ್ಟ ಆಲ್ಟರ್ನೇಟರಿನ ತಟ್ಟೆಯಲ್ಲಿ ಡಯೋಡುಗಳೇ ಇರಲಿಲ್ಲ, ತೂತುಗಳಿದ್ದವು. ಬರಿಗೈಯಲ್ಲಿ ಮರಳುವಾಗ ನೆರಳುಗಳು ಉದ್ದವಾಗಿದ್ದವು.

ಬೆಣ್ಣೆಹಣ್ಣಿನ ಮರದ ಕೆಳಗೆ ರಿಗೋ ಒಂದು ಬ್ಯಾಟರಿಯನ್ನು ಡುಮ್ಮಿಗೆ ಕಟ್ಟುತ್ತಿದ್ದ. ಅದು ಅವನ ಮನೆಯದು. ಕರೆಂಟು ಹೋದಾಗ ಅವನ ತಾಯಿಯ ಕೋಣೆಯ ದೀಪ, ರೇಡಿಯೋ ಎಲ್ಲ ಅದರಿಂದಲೇ ನಡೆಯುತ್ತಿದ್ದವು. ಆ ದಿನಗಳಲ್ಲಿ ಬ್ಯಾಟರಿ ಕೇಳುವುದೆಂದರೆ ಒಬ್ಬರ ಮನೆಯ ಬೆಳಕನ್ನೇ ಕೇಳಿದಂತೆ. ಎವೆಲಿಯೊಗೆ ಕೇಳಲು ಬಾಯಿ ಬಂದಿರಲಿಲ್ಲ.

"ನಿನ್ನೆ ರಾತ್ರಿ ಉರಿಸಿದ್ವಿ, ಪೂರ್ತಿ ಇಲ್ಲ," ಎಂದ ರಿಗೋ. "ಎಂಜಿನ್ನಿಗಷ್ಟೇ ಆದ್ರೆ ಎಳೆಯುತ್ತೆ. ಹಾರ್ನ್ ಹೊಡೀಬೇಡ, ಇಳಿಜಾರಲ್ಲಿ ಕೀಲಿ ತೆಗೆದುಬಿಡು. ನಿಂದೂ ಹಿಂದಿನ ಸೀಟಲ್ಲಿ ಹಾಕಿದೀನಿ, ರೆಸ್ಟ್ ಆದ್ರೆ ಒಂದಿಷ್ಟು ಉಸಿರು ಬರಬಹುದು. ಹೊರಡು ಮೇಸ್ತ್ರಿ, ನಿಂತ್ಕೊಂಡು ನನ್ನ ಮುಖ ಏನ್ ನೋಡ್ತೀಯ?"

ಗಂಡಹೆಂಡತಿ ಸುಲುಯೆತಾ ದಾಟಿದರು. ಎರಡೂ ಕಡೆ ಕಬ್ಬು. ಇಳಿಜಾರಿನಲ್ಲಿ ಅವನು ಎಂಜಿನ್ ಆರಿಸಿದಾಗ ಗಾಳಿಯ ಸದ್ದು ಮಾತ್ರ ಉಳಿಯುತ್ತಿತ್ತು. ಅಂಥ ಒಂದು ಇಳಿಜಾರಿನಲ್ಲಿ ನೀವೆಸ್ ಕೇಳಿದಳು:

"ಅವಳು ವಾಪಸ್ ತಗೋತೀನಿ ಅಂದ್ರೆ ನಾನೇನನ್ಲಿ? ಆಯ್ತು ಅಂತ ಅಷ್ಟೇ ಅಂದ್ರೆ ಸಾಕಾ?"

"ಸಾಕು ಕಣೇ ಮುದುಕಿ."

"ನಾನು ಹೋಗ್ಬೇಕಿತ್ತು. ಅವಳು ಕರೀಲಿ ಅಂತ ಕಾಯ್ದೆ. ಎಂಥಾ ಹಟ ನಂದು."

ರಿಮೇದಿಯೋಸ್ ಊರು ಕಳೆದ ಮೇಲೆ ಡುಮ್ಮಿ ಮುಗ್ಗರಿಸಿ ನಿಂತಳು. ಎವೆಲಿಯೊ ಬ್ಯಾಟರಿ ಬದಲಿಸಿದ, ಒಬ್ಬ ಗಾಡಿಯವನು ಎತ್ತು ಕಟ್ಟಿ ಎಳೆದುಕೊಟ್ಟ, ಎಂಜಿನ್ ಎದ್ದಿತು. ತುಸು ದೂರ ಹೋಗಿ ಮತ್ತೆ ನಿಂತಿತು. ಕಾದರು, ಬ್ಯಾಟರಿ ಕೊಂಚ ಚೇತರಿಸಿಕೊಂಡಿತು, ಮತ್ತೆ ಹೊರಟರು. ಸಮುದ್ರದ ಉಪ್ಪುಗಾಳಿ ಮೂಗಿಗೆ ಬಡಿಯುವಾಗ ಸೂರ್ಯ ಮುಳುಗಿದ್ದ. ದೀಪವಿಲ್ಲದ ಕಾರು ದೀಪವಿಲ್ಲದ ಊರನ್ನು ಹೊಕ್ಕಿತು.

ಸೊಯ್ಲಾ ಬಾಗಿಲಲ್ಲೇ ಸಿಕ್ಕಳು.

"ಇದಾಳೆ," ಎಂದಳು. "ಆದ್ರೆ ಮಾತು ನಿಂತುಹೋಯ್ತು. ಸಂಜೆ ಕಾಫಿ ಹೊತ್ತಿನವರೆಗೂ ಕೇಳ್ತಾನೇ ಇದ್ಳು, ಕಾರ್ ಸದ್ದಾಯ್ತಾ ನೋಡು, ಕಾರ್ ಸದ್ದಾಯ್ತಾ ನೋಡು ಅಂತ. ಆಮೇಲೆ ಕಣ್ಣು ಮುಚ್ಚಿದೋಳು ತೆಗೀಲಿಲ್ಲ."

ಎರ್ಮೀನಿಯಾ ಒಣಗಿ ಒಂದು ಹಿಡಿಯಾಗಿದ್ದಳು. ಸೀಮೆಎಣ್ಣೆ ದೀಪದ ಬೆಳಕಿನಲ್ಲಿ ನೀವೆಸ್ ಹಾಸಿಗೆಯ ಅಂಚಿಗೆ ಕೂತು ಅಕ್ಕನ ಮೈಮೇಲೆ ಬಾಗಿದಳು. ಎವೆಲಿಯೊ ಬಾಗಿಲ ಚೌಕಟ್ಟಿಗೆ ಆತು ನಿಂತ.

"ಅಕ್ಕಾ, ನಾನು ಬಂದಿದೀನಿ. ನೀವೆಸ್."

ಉಸಿರು ಹೋಗಿ ಬಂತು.

"ನೀನು ಅಂದಿದ್ದನ್ನ ವಾಪಸ್ ತಗೋತೀನಿ ಅಂದ್ಯಂತೆ. ಕೇಳಿಸ್ತು. ಸೊಯ್ಲಾ ಹೇಳಿದ್ಳು, ನನಗೆ ಕೇಳಿಸ್ತು ಕಣೇ." ಅವಳು ಉತ್ತರಕ್ಕೆ ಕಾದಳು. ಬಳಿಕ ಇನ್ನೂ ಮೆಲ್ಲಗೆ, "ಒಂದ್ಸಲ ನೀನೇ ಹೇಳೇ. ನಿನ್ನ ಬಾಯಲ್ಲಿ," ಎಂದಳು.

ಎರ್ಮೀನಿಯಾ ಬಾಯಿ ತೆರೆಯಲಿಲ್ಲ. ಬೆಳಕು ಹರಿಯುವಾಗ ಅವಳ ಉಸಿರು ಹೋಯಿತು, ಮರಳಿ ಬರಲಿಲ್ಲ.

ಎವೆಲಿಯೊ ಮುಂಚಾವಡಿಯ ಕುರ್ಚಿಯಲ್ಲಿ ಕೂತಿದ್ದ. ನೀವೆಸ್ ಬಂದು ಪಕ್ಕದಲ್ಲಿ ಕೂತಳು. ಬೀದಿಯಲ್ಲಿ ಮೀನಿನವರು ಸಾಗುತ್ತಿದ್ದರು.

"ನನ್ನಿಂದ ಆಯ್ತು," ಎಂದ ಅವನು. "ಕಾರು ರೆಡಿಯಾಗಿತ್ತು. ಸಂಜೆ ಕಾಫಿಗೆ ಮುಂಚೆಯೇ ಇಲ್ಲಿರ್ತಿದ್ವಿ. ಕೇಬಲ್ ಎತ್ತಿ ನಾನೇ ಸುಟ್ಟೆ. ಎತ್ತಬಾರದು ಅಂತ ಊರಿಗೆಲ್ಲ ಹೇಳೋ ನಾನೇ."



"ನಾನು ಕಿಟಕೀಲಿದ್ದೆ," ಎಂದಳು. "ನೀನು ಅದನ್ನ ಎತ್ತಲಿ ಅಂತ ಕಾಯ್ತಾ ಇದ್ದೆ. ಎತ್ತಿದ ಮೇಲೆ ತಾನೇ ಹೊರಡೋದು? ನೀನು ಎತ್ತಿದಾಗ ಆ ಜನರ ಜೊತೆ ನಾನೂ ಕೂಗಿದೆ ಕಣೋ. ಓಡ್ತು ಅಂತ."

ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಇದನ್ನು ಕೇಳಿ ಅವನ ಭುಜಗಳು ಕುಸಿದವು. ಅವಳು ಅವನ ಬೆನ್ನ ಮೇಲೆ ಕೈಯಿಡಲಿಲ್ಲ, ಎದ್ದು ಹೋಗಲೂ ಇಲ್ಲ. 

ಕೊನೆಗೆ ಒಳಗಿನಿಂದ ಸೊಯ್ಲಾ ನೀರು ಕಾದಿದೆ ಎಂದಳು. ನೀವೆಸ್ ಎದ್ದು ನಿಂತಳು.

"ಬಾ, ಅಕ್ಕನಿಗೆ ಬಟ್ಟೆ ಹಾಕ್ಬೇಕು. ಹಿಡ್ಕೊಳೋಕೆ ಇನ್ನೊಬ್ರು ಬೇಕು."

"ಸೊಯ್ಲಾ ಇದಾಳಲ್ಲ," ಎಂದ ಎವೆಲಿಯೊ, ಕೈಗಳನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡು. ಉಗುರುಗಳಲ್ಲಿ ಕರಿಕಡ್ಡಿಯ ಪುಡಿ ಇನ್ನೂ ಕೂತಿತ್ತು.

"ಸೊಯ್ಲಾ ಹೊರಗಿನೋಳು. ನೀನು ಬಾ."

ಅವನು ಬಾವಿಕಟ್ಟೆಗೆ ಹೋಗಿ ಸಾಬೂನು ಹಾಕಿ ತಿಕ್ಕಿದ. ಕಪ್ಪು ಪೂರ್ತಿ ಹೋಗಲಿಲ್ಲ. ಹಾಗೇ ಒಳಗೆ ಬಂದು, ಅತ್ತಿಗೆಯ ಹೆಗಲ ಕೆಳಗೆ ಕೈ ತೂರಿಸಿ, ನೀವೆಸ್ ಉಡುಪಿನ ತೋಳು ತೊಡಿಸುವವರೆಗೆ ಮೆಲ್ಲಗೆ ಎತ್ತಿ ಹಿಡಿದ.