ದೀಪ ಹಚ್ಚುವ ಹೊತ್ತಿಗೆ ರಕ್ತ ಕುಡಿಯುವವನ ಕಥೆ

ಜನವರಿ ೧೭, ಶುಕ್ರವಾರ. ಸಂಜೆ ನಾಲ್ಕೂವರೆಗೆ ಶುರು. ಗಲ್ಫ್‌ನ ವಾದಿ ಅದಾಯ್ ಬಡಾವಣೆ, ಆಂಟಿಯ ಮನೆ. ಬಂದವರು ಏಳು ಜನ.

ನಮ್ಮ ಓದುಕೂಟಕ್ಕೆ ಬೇರೆ ಜಾಗವಿಲ್ಲ. ಉಳಿದವರ ಮನೆಗಳಲ್ಲಿ ಏಳು ಜನ ಕೂರುವುದು ಕಷ್ಟ. ಉಡುಪಿ ಕಡೆಯ ಈ ಆಂಟಿಯ ಹಾಲ್ ಮಾತ್ರ ದೊಡ್ಡದು. ಈ ಸಲದ ಪುಸ್ತಕ ಆರಿಸಿದ್ದು ನಾನು. ಮಹಾನಗರವೊಂದರಲ್ಲಿ ಜನರ ರಕ್ತ ಕುಡಿದು ಬದುಕಿದ್ದ ವ್ಯಾಂಪೈರ್ ಅದನ್ನು ಬಿಟ್ಟು, ರಾತ್ರಿ ಪಾಳಿಯಲ್ಲಿ ಆಂಬುಲೆನ್ಸ್ ಓಡಿಸುತ್ತ ಪ್ರಾಯಶ್ಚಿತ್ತ ಹುಡುಕುವ ಇಂಗ್ಲಿಷ್ ಕಾದಂಬರಿ. ವಾರವಾರ ಒಂದಿಷ್ಟು ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಇಲ್ಲಿ ಶುಕ್ರವಾರ ರಜೆ, ಹಾಗಾಗಿ ಕೂಟವೂ ಅಂದೇ. ಆಂಟಿಗೆ ಅದು ಲಕ್ಷ್ಮಿಯ ವಾರವೆಂಬುದು ನನಗೆ ಹೊಳೆದೇ ಇರಲಿಲ್ಲ. ಕಳೆದ ವಾರ ಅವರು ದೀಪ ಹಚ್ಚುವಾಗ ನಾನು ಸರಿಯಾಗಿ ಕುತ್ತಿಗೆ ಕಚ್ಚುವ ಭಾಗದಲ್ಲಿದ್ದೆ.

"ಕೊನೆಯ ಅಧ್ಯಾಯ ಒಂದು ಕೇಳ್ತೇನೆ. ಸರಿ ಕಾಣದಿದ್ರೆ ಕೂಟ ಬೇರೆ ಕಡೆ ಮಾಡಿ," ಎಂದಿದ್ದರು.

ಇಂದು ಕೊನೆಯ ಅಧ್ಯಾಯ ಮುಗಿಸಿದೆ. ಹಸಿದ ವ್ಯಾಂಪೈರ್ ಗಾಯಗೊಂಡ ಹುಡುಗಿಯನ್ನು ಗಾಡಿಯಲ್ಲಿ ಮಲಗಿಸಿ, ರಕ್ತದ ವಾಸನೆ ತಡೆಯಲಾಗದೆ ಕಿಟಕಿಗಳನ್ನೆಲ್ಲ ಇಳಿಸಿ, ಹೇಗೋ ಆಸ್ಪತ್ರೆ ಮುಟ್ಟಿಸುತ್ತಾನೆ. ಅವನನ್ನು ಕ್ಷಮಿಸಬಹುದೇ ಎಂದು ಕೇಳಿ, ಎಂದಿನಂತೆ ಪರ-ವಿರೋಧ ಬರೆದುಕೊಳ್ಳತೊಡಗಿದೆ.

ವಿಜಯಪುರದ ಕಾಕಾ ಎಲ್ಲರಿಗಿಂತ ಮೊದಲು ಎದ್ದರು. "ಅಷ್ಟು ಮಂದೀ ರಕ್ತ ಹೀರಿ, ಈಗ ಒಂದು ಹುಡುಗೀನ್ನ ದವಾಖಾನಿಗೆ ಬಿಟ್ರ ಎಲ್ಲಾ ಖಲಾಸ್ ಏನ?"

"ಬಟ್ ಅಂಕಲ್, ಹೀ ಸ್ಟಾಪ್ಡ್!" ಎಂದಳು ಆಂಟಿಯ ಮಗಳು.

"ನಾನೂ ಸಿಗರೇಟ್ ಬಿಟ್ಟೀನವಾ. ನನ್ನ ಮ್ಯಾಲೆ ಯಾರೂ ಪುಸ್ತಕ ಬರೀಲಿಲ್ಲ."

ಎಲ್ಲರೂ ನಗುತ್ತಿರುವಾಗ ಆಂಟಿ ದೀಪ ಹಚ್ಚಲು ಎದ್ದರು. ನಾನು ಥಟ್ಟನೆ ಪುಸ್ತಕ ಬ್ಯಾಗಿಗೆ ಹಾಕಿದೆ.

"ಎಂತಕ್ಕೆ ಅಡಗಿಸುದು ಮಾರಾಯ್ತಿ?" ಬತ್ತಿ ಸರಿಮಾಡುತ್ತಲೇ ಆಂಟಿ ಹೇಳಿದರು. "ನಮ್ಮ ಊರಲ್ಲೊಂದು ದೈವ ಉಂಟು. ಮೊದಲು ಸಿಕ್ಕಿದವರ ರಕ್ತ ಕುಡೀತಿತ್ತಂತೆ. ಓಡಿಸ್ಲಿಲ್ಲ ಯಾರೂ. ಕಲ್ಲು ಹಾಕಿ ಜಾಗ ಕೊಟ್ರು, ವರ್ಷಕ್ಕೊಮ್ಮೆ ಕೋಳಿ, ಅನ್ನ ಬಡಿಸಿದ್ರು. ಈಗ ನಮ್ಮನ್ನು ಕಾಯುವುದು ಅದೇ."

"ಹಂಗಾದ್ರ ಇಂವಗೂ ಕೋಳಿ ಬಡಸ್ಬೇಕನ್ರಿ ಅಕ್ಕಾರ?" ಎಂದರು ಕಾಕಾ.

"ಮತ್ತೆ? ಹಸಿವೆಯಲ್ಲಿ ಇಟ್ಟು ಒಳ್ಳೆಯವನಾಗು ಅಂದ್ರೆ ಆಗ್ತದಾ?"

ಕಾಕಾ ಮಾತ್ರ ಅಭಿಪ್ರಾಯ ಬದಲಿಸಲಿಲ್ಲ. ಆಂಟಿ ನನ್ನ ಕಡೆ ತಿರುಗಿ, "ಮುಂದಿನ ವಾರ ನಾಲ್ಕಕ್ಕೇ ಬನ್ನಿ. ದೀಪಕ್ಕೆ ಮೊದಲು ಮುಗಿಸುವ," ಎಂದರು. ಒಂದು ವಾರದಿಂದ ಎದೆಯಲ್ಲಿ ಕೂತಿದ್ದ ಭಾರ ಇಳಿಯಿತು. ಅವರು ಕೊಟ್ಟ ಚಹಾ ತಣ್ಣಗಾಗಿದ್ದರೂ ಪೂರ್ತಿ ಕುಡಿದೆ.

ಪರ ಐದು, ವಿರೋಧ ಒಂದು. ನನ್ನದನ್ನು ಬರೆಯುವುದೇ ಮರೆತಿದ್ದೆ. ಈಗ ಪರಕ್ಕೆ ಸೇರಿಸಿದೆ.

ನಾನು ಗದಗದವಳು, ದೈವಗಳ ವಿಷಯ ತಿಳಿಯದು. ಮನೆಮಂದಿಯೆಲ್ಲ ಹೀಗೆ ಪರದೇಶದಲ್ಲಿದ್ದರೆ ಆ ಕೋಳಿ, ಅನ್ನ ಯಾರು ಬಡಿಸುತ್ತಾರೆ? ಒಂದು ವರ್ಷ ತಪ್ಪಿದರೆ ದೈವ ಕಾಯುವುದನ್ನು ಬಿಡುತ್ತದೆಯೇ? ಆಂಟಿಯನ್ನು ಕೇಳಲು ಧೈರ್ಯವಾಗಲಿಲ್ಲ. ಬಲ್ಲವರು ದಯವಿಟ್ಟು ನನಗೆ ಬರೆಯಿರಿ.